ಮರೆವಿನ ರೋಗವೂ ಅಂಗಸಾಧನೆಯೂ



‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಮನೆಯ ಹಿರಿಯರು ಕೇಳಿದ ಮಾತನ್ನೇ ಮರಳಿ ಮರಳಿ ಕೇಳಹತ್ತಿದರೆ, ಉಂಡು ಕೈ ತೊಳೆದ ಮೇಲೆ ತಮಗೆ ಬಡಿಸಲೇ ಇಲ್ಲವೆಂದು ಮುನಿದರೆ, ಹುಟ್ಟಿ ಬೆಳೆದ ಓಣಿಯಲ್ಲಿಯೇ ದಾರಿ ತಪ್ಪಿದರೆ, ಸುತ್ತಲಿನವರು ಈ ಗಾದೆಯನ್ನು ನುಡಿದು ಸುಮ್ಮನಾಗುವರು. ಈ ಗಾದೆಯ ಬೆನ್ನಿಗೆ ಎರಡು ತಪ್ಪು ತಿಳಿವಳಿಕೆಗಳು ಬಂದಿವೆ. ವಯಸ್ಸಾದ ಮೇಲೆ ಬುದ್ಧಿ ಕೆಡುವದು ಸಹಜವೆಂಬದು ಒಂದು. ಕೆಟ್ಟ ಮೇಲೆ ಮಾಡತಕ್ಕದ್ದು ಏನೂ ಇಲ್ಲ, ಅವರನ್ನು ಒಂದು ಮೂಲೆಯಲ್ಲಿ ಕುಳ್ಳಿರಿಸಿ ಹೊತ್ತುಹೊತ್ತಿಗೆ ಅನ್ನ ನೀರು ಕೊಟ್ಟರೆ ಸಾಕೆಂಬದು ಇನ್ನೊಂದು. ಇವೆರಡೂ ನಿಜವಲ್ಲ. ಎರಡನೆಯದರಿಂದಂತೂ ಎಷ್ಟೋ ಸಲ ರೋಗಕ್ಕಿಂತ ಮೊದಲೇ ಮನುಷ್ಯನು ಪರಾಧೀನನಾಗುವನು. ಆದುದರಿಂದ ಈ ರೋಗವುಳ್ಳವರಿಗೆ ಅಂಗಸಾಧನೆಯಿಂದ ಏನು ಆಗುವದು, ಏನು ಆಗಲಾರದು, ಮನೆಯವರು ಹೇಗೆ ನಡೆದುಕೊಳ್ಳತಕ್ಕದ್ದು ಎಂಬದನ್ನು ವಿಚಾರಿಸುವದೇ ಈ ಉಪನ್ಯಾಸದ ಉದ್ದೇಶವಾಗಿದೆ.

ಮೊದಲು ರೋಗದ ಸ್ವರೂಪವನ್ನು ತಿಳಿಯಬೇಕು. ವೈದ್ಯರು ಇದಕ್ಕೆ ಡಿಮೆನ್ಶಿಯಾ ಎನ್ನುವರು. ಮರೆವಿನ ರೋಗವೆಂಬ ಹೆಸರು ಕನ್ನಡದಲ್ಲಿ ರೂಢಿಗೆ ಬಂದಿದೆ. ಇದು ಒಂದೇ ಬೇನೆಯ ಹೆಸರಲ್ಲ. ಮಿದುಳು ಕ್ರಮಕ್ರಮವಾಗಿ ಕೆಡುತ್ತ ಹೋಗಿ ನೆನಪು, ವಿವೇಚನೆ, ಮಾತು, ದಿಕ್ಕಿನ ಅರಿವು ಇವೆಲ್ಲ ಕುಗ್ಗಿ, ನಿತ್ಯದ ಬಾಳಿಗೆ ಅಡ್ಡಿಯಾದ ಸ್ಥಿತಿಗೆ ಈ ಹೆಸರು ಸಲ್ಲುವದು. ಇಂಥವರಲ್ಲಿ ನೂರಕ್ಕೆ 60ರಿಂದ 70 ಮಂದಿಗೆ ಇರುವದು ಆಲ್ಝೈಮರ್ ಎಂಬ ರೋಗ. ಮಿದುಳಿನ ರಕ್ತನಾಳಗಳು ಕೆಟ್ಟು ಬರುವ ಬಗೆಯೂ ಉಂಟು. ಜರ್ಮನಿಯ ವೈದ್ಯ ಆಲೋಯಿಸ್ ಆಲ್ಝೈಮರನು 1901ರಲ್ಲಿ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯಲ್ಲಿ ಒಬ್ಬ ಹೆಂಗಸನ್ನು ಪರೀಕ್ಷಿಸಿದನು. ಆಕೆ 1906ರಲ್ಲಿ ತೀರಿಕೊಂಡ ಮೇಲೆ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿ ಕಂಡ ವಿಕಾರಗಳನ್ನು ಅದೇ ವರ್ಷ ಟ್ಯೂಬಿಂಗೆನ್ ನಗರದ ವೈದ್ಯರ ಸಭೆಯಲ್ಲಿ ತಿಳಿಸಿದನು. 1910ರಲ್ಲಿ ಕ್ರೆಪೆಲಿನ್ ಎಂಬ ಪಂಡಿತನು ಈ ರೋಗಕ್ಕೆ ಆಲ್ಝೈಮರನ ಹೆಸರನ್ನೇ ಇಟ್ಟನು. ಆಸ್ಪತ್ರೆಗೆ ಬಂದಾಗ ಆ ಹೆಂಗಸಿನ ವಯಸ್ಸು 51 ಮಾತ್ರ. ಗಾದೆ ಹೇಳುವ ಅರವತ್ತು ಆಕೆಗೆ ಇನ್ನೂ ದೂರವಿತ್ತು. ಇತ್ತ ತೊಂಬತ್ತು ದಾಟಿದರೂ ಬುದ್ಧಿ ಕದಲದ ಹಿರಿಯರು ಊರೂರಲ್ಲಿ ಇರುವರು. ವಯಸ್ಸಿನೊಂದಿಗೆ ಈ ರೋಗದ ಭಯ ಹೆಚ್ಚುವದು ನಿಜ. ಆದರೆ ವಯಸ್ಸೇ ರೋಗವಲ್ಲ.

ಭಾರತದಲ್ಲಿ ಈ ರೋಗವು ಪರಸ್ಥಳದ ವಿಷಯವಾಗಿ ಉಳಿದಿಲ್ಲ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಗಣನೆಯ ಪ್ರಕಾರ ಈ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ನೂರಕ್ಕೆ 7.4 ಮಂದಿ, ಅಂದರೆ ಸುಮಾರು 88 ಲಕ್ಷ ಜನರು, ಇದಕ್ಕೆ ತುತ್ತಾಗಿದ್ದಾರೆ. ಗಂಡಸರಿಗಿಂತ ಹೆಂಗಸರಲ್ಲಿಯೂ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೂ ಇದರ ಪ್ರಮಾಣ ಹೆಚ್ಚೆಂದು ಆ ಗಣನೆಯು ತೋರಿಸಿತು. ಹಳ್ಳಿಗರ ನೆನಪಿನ ಶಕ್ತಿ ವಯಸ್ಸಿನೊಂದಿಗೆ ಹೇಗೆ ಬದಲಾಗುವದೆಂಬದನ್ನು ಅರಿಯಲು ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಿನ ಹಳ್ಳಿಗಳ ಜನರನ್ನು ವರ್ಷವರ್ಷವೂ ಪರೀಕ್ಷಿಸುವ ಕೆಲಸವನ್ನು ಕೈಕೊಂಡಿರುವರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. ಮರೆವೆಲ್ಲವೂ ಈ ರೋಗವಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳ ಅತಿಯಾದ ಸೇವನೆ, ಬಿ-12 ಎಂಬ ಜೀವಸತ್ವದ ಕೊರತೆ ಇವುಗಳಿಂದಲೂ ಬುದ್ಧಿ ಮಂಕಾಗುವದುಂಟು; ಇವುಗಳಿಗೆ ಚಿಕಿತ್ಸೆಯೂ ಉಂಟು. ಬಿ-12 ಜೀವಸತ್ವವು ಕಾಯಿಪಲ್ಯ ಧಾನ್ಯಗಳಲ್ಲಿ ಇರುವದಿಲ್ಲ. ಶಾಕಾಹಾರಿಗಳಿಗೆ ಹಾಲು ಮೊಸರುಗಳಿಂದಲೇ ಅದು ದೊರೆಯತಕ್ಕದ್ದು. ಆದುದರಿಂದ ಶಾಕಾಹಾರಿಗಳಾದ ಹಿರಿಯರಲ್ಲಿ ಮರೆವು ಕಂಡೊಡನೆ ಅರಳುಮರಳೆಂದು ಬಗೆಯದೆ ವೈದ್ಯರಲ್ಲಿ ಕರೆದೊಯ್ದು ರಕ್ತಪರೀಕ್ಷೆ ಮಾಡಿಸುವದು ಮೊದಲನೆಯ ಕರ್ತವ್ಯ.

ಪರೀಕ್ಷೆಯಾಗಿ ಇದು ಮರೆವಿನ ರೋಗವೇ ಎಂದು ನಿಶ್ಚಯವಾದ ಮೇಲೆ ಮುಂದೇನು? ಇದನ್ನು ಸಂಪೂರ್ಣವಾಗಿ ಗುಣಪಡಿಸುವ ಔಷಧವು ಇಂದಿನವರೆಗೆ ಇಲ್ಲ. ಕೆಲವು ಔಷಧಗಳು ಲಕ್ಷಣಗಳನ್ನು ಕೆಲಕಾಲ ಹಗುರಗೊಳಿಸುವವು. ಹೀಗಿರುವಾಗ ಅಂಗಸಾಧನೆಯ ಮೇಲೆ ಜನರ ಆಸೆ ಹರಿದದ್ದು ಸಹಜ. ಆದರೆ ಆಸೆ ಬೇರೆ, ಪ್ರಮಾಣ ಬೇರೆ. ಈ ರೋಗದಲ್ಲಿ ಮನುಷ್ಯನು ಕಳೆದುಕೊಳ್ಳುವದು ಎರಡು ಬಗೆಯ ಶಕ್ತಿಗಳನ್ನು. ನೆನೆಯುವದು, ಎಣಿಸುವದು, ಹೆಸರು ಹಿಡಿಯುವದು ಮೊದಲಾದ ವಿಚಾರಶಕ್ತಿ ಒಂದು. ಏಳುವದು, ಮೀಯುವದು, ಉಡುವದು, ಉಣ್ಣುವದು, ಶೌಚಕ್ಕೆ ಹೋಗಿ ಬರುವದು ಮೊದಲಾದ ನಿತ್ಯಕರ್ಮದ ಶಕ್ತಿ ಇನ್ನೊಂದು. ಅಂಗಸಾಧನೆಯಿಂದ ಇವೆರಡಕ್ಕೂ ಒಂದೇ ರೀತಿಯ ಪ್ರಯೋಜನವಾಗುವದೋ ಎಂಬದನ್ನು ಬೇರೆಬೇರೆಯಾಗಿಯೇ ನೋಡಬೇಕು.

ಇದನ್ನು ತಿಳಿಯಲು ಪಂಡಿತರು ಪ್ರಯೋಗಗಳನ್ನು ನಡೆಯಿಸಿರುವರು. ಅವುಗಳ ರೀತಿ ಸರಳವಾದದ್ದು. ರೋಗವುಳ್ಳವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಂಗಸಾಧನೆ ಮಾಡಿಸಿ, ಇನ್ನೊಂದನ್ನು ಎಂದಿನ ಉಪಚಾರದಲ್ಲಿಯೇ ಬಿಟ್ಟು, ಕೆಲವು ತಿಂಗಳ ನಂತರ ಎರಡನ್ನೂ ಹೋಲಿಸಿ ನೋಡುವರು. ಇಂಥ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೆಲಸವನ್ನು ಕಾಕ್ರೇನ್ ಎಂಬ ಸಂಸ್ಥೆಯವರು ಮಾಡುವರು. ಅವರು 2013ರಲ್ಲಿ 16 ಪ್ರಯೋಗಗಳನ್ನು ಕೂಡಿಸಿ ನೋಡಿದಾಗ ವಿಚಾರಶಕ್ತಿಗೂ ನಿತ್ಯಕರ್ಮಕ್ಕೂ ಲಾಭವಾಗಬಹುದೆಂಬ ಆಶೆ ತೋರಿತು. 2015ರಲ್ಲಿ ಮತ್ತೆ 17 ಪ್ರಯೋಗಗಳನ್ನು, 1067 ಮಂದಿಯ ಲೆಕ್ಕವನ್ನು, ಇನ್ನೂ ಬಿಗಿಯಾಗಿ ತೂಗಿದಾಗ ವಿಚಾರಶಕ್ತಿಯ ವಿಷಯದ ಆಶೆ ನಿಲ್ಲಲಿಲ್ಲ. ಲಾಭವಾಗುವದೆಂಬದಕ್ಕೆ ಸ್ಪಷ್ಟ ಪ್ರಮಾಣವಿಲ್ಲವೆಂದು ಅವರೇ ಬರೆದರು. ನಿತ್ಯಕರ್ಮದ ವಿಷಯದಲ್ಲಿ ಮಾತ್ರ 289 ಮಂದಿಯನ್ನೊಳಗೊಂಡ 6 ಪ್ರಯೋಗಗಳ ಆಧಾರದ ಮೇಲೆ ಪ್ರಯೋಜನವಾಗಬಹುದೆಂದು ಹೇಳಿದರು. ಆ ಪ್ರಮಾಣವೂ ಬಹಳ ಗಟ್ಟಿಯಾದದ್ದಲ್ಲವೆಂಬದನ್ನು ಅವರು ಮುಚ್ಚಿಡಲಿಲ್ಲ. ಮೊದಲು ಹೇಳಿದ್ದನ್ನು ಮರಳಿ ತೂಗಿ ತಿದ್ದಿಕೊಳ್ಳುವ ಈ ಪ್ರಾಮಾಣಿಕತೆಯೇ ಶಾಸ್ತ್ರದ ಬಲವಾಗಿದೆ.

ಇಂಗ್ಲೆಂಡದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದ ಫಲವು ಇನ್ನೂ ಕಠೋರವಾಗಿತ್ತು. ಅದರಲ್ಲಿ 494 ಮಂದಿ ರೋಗಿಗಳಿದ್ದರು. ಅವರಲ್ಲಿ 329 ಮಂದಿಗೆ ನಾಲ್ಕು ತಿಂಗಳ ಕಾಲ ವಾರಕ್ಕೆ ಎರಡು ಸಲ ವ್ಯಾಯಾಮಶಾಲೆಯಲ್ಲಿ ಸೈಕಲ್ ತುಳಿಯಿಸಿ, ಭಾರ ಎತ್ತಿಸಿ, ಗಟ್ಟಿ ಅಂಗಸಾಧನೆ ಮಾಡಿಸಿದರು. ಆಮೇಲೆ ಮನೆಯಲ್ಲಿ ಮುಂದುವರಿಸಲು ಹೇಳಿದರು. ಅವರ ಮೈಯ ಕಸುವು ಹೆಚ್ಚಿತು, ನಡಿಗೆ ಸುಧಾರಿಸಿತು. ಆದರೆ ವರ್ಷದ ಕೊನೆಗೆ ವಿಚಾರಶಕ್ತಿಯ ಪರೀಕ್ಷೆಯಲ್ಲಿ ಅವರು ಇತರರಿಗಿಂತ ಸ್ವಲ್ಪ ಹಿಂದೆಯೇ ಇದ್ದರು. ನಿತ್ಯಕರ್ಮದಲ್ಲಿಯೂ ಲಾಭ ಕಾಣಲಿಲ್ಲ.

ಹಾಗಾದರೆ ಅಂಗಸಾಧನೆ ವ್ಯರ್ಥವೇ? ಫ್ರಾನ್ಸ್ ಮತ್ತು ಫಿನ್ಲೆಂಡ್ ದೇಶಗಳ ಪ್ರಯೋಗಗಳು ಬೇರೆ ಕಥೆಯನ್ನು ಹೇಳುವವು. ಫ್ರಾನ್ಸಿನಲ್ಲಿ ವೃದ್ಧಾಶ್ರಮಗಳಲ್ಲಿದ್ದ 134 ಮಂದಿ ಆಲ್ಝೈಮರ್ ರೋಗಿಗಳ ಪ್ರಯೋಗವು 2007ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಸಲ ಒಂದು ತಾಸು ನಡಿಗೆ, ಬಲ, ಸಮತೋಲಗಳ ಅಂಗಸಾಧನೆಯನ್ನು ಒಂದು ವರ್ಷ ಮಾಡಿದವರಲ್ಲಿ ನಿತ್ಯಕರ್ಮದ ಶಕ್ತಿಯು ಇತರರಲ್ಲಿಗಿಂತ ನಿಧಾನವಾಗಿ ಕುಂದಿತು. ಫಿನ್ಲೆಂಡಿನ ಪ್ರಯೋಗವು 2013ರದು. ಅಲ್ಲಿ ಗಂಡ ಅಥವಾ ಹೆಂಡತಿಯೊಂದಿಗೆ ಮನೆಯಲ್ಲಿಯೇ ಇದ್ದ 210 ಮಂದಿ ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿನವರ ಮನೆಗೆ ಅಂಗಸಾಧನೆಯ ಶಿಕ್ಷಕರು ವಾರಕ್ಕೆ ಎರಡು ಸಲ ಹೋಗಿ, ಒಂದೊಂದು ತಾಸು, ಅವರವರಿಗೆ ತಕ್ಕ ಅಭ್ಯಾಸವನ್ನು ಒಂದು ವರ್ಷ ಮಾಡಿಸಿದರು. ಎರಡನೆಯ ಗುಂಪಿನವರಿಗೆ ಹಲವರನ್ನು ಕೂಡಿಸಿ ಮಾಡಿಸಿದರು. ಮೂರನೆಯದು ಎಂದಿನಂತೆ ಇತ್ತು. ವರ್ಷದ ಕೊನೆಗೆ ಮೂರು ಗುಂಪುಗಳವರೂ ಕುಗ್ಗಿದ್ದರು. ಆದರೆ ಸ್ವಾವಲಂಬನದ ಅಳತೆಯಲ್ಲಿ ಮೂರನೆಯ ಗುಂಪು 14.4 ಅಂಕಗಳನ್ನು ಕಳೆದುಕೊಂಡರೆ, ಮನೆಯಲ್ಲಿ ಅಭ್ಯಾಸ ಮಾಡಿದವರು 7.1 ಅಂಕಗಳನ್ನು ಮಾತ್ರ ಕಳೆದುಕೊಂಡಿದ್ದರು. ಅಂದರೆ ಹಾನಿಯು ಅರ್ಧಕ್ಕೆ ಇಳಿದಿತ್ತು. ಅಂಗಸಾಧನೆ ಮಾಡಿದ ಎರಡೂ ಗುಂಪುಗಳಲ್ಲಿ ಬೀಳುವದೂ ಕಡಿಮೆಯಾಗಿತ್ತು.

ಈ ಫಲಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದರೆ ಒಂದು ಮಾತು ಹೊಳೆಯುವದು. ಅಂಗಸಾಧನೆಯು ಹೋದ ನೆನಪನ್ನು ತಂದುಕೊಡಲಾರದು. ಮೊಮ್ಮಗನ ಹೆಸರನ್ನು ಮರೆತ ಅಜ್ಜಿಯು ನಡೆದಾಡಿದ ಮಾತ್ರಕ್ಕೆ ಆ ಹೆಸರನ್ನು ಮರಳಿ ಹೇಳುವಳೆಂದು ಆಸೆಪಡತಕ್ಕದ್ದಲ್ಲ. ಆದರೆ ತಾನೇ ಎದ್ದು ಬಚ್ಚಲಿಗೆ ಹೋಗುವ ಶಕ್ತಿಯನ್ನು ಇನ್ನಷ್ಟು ಕಾಲ ಅವಳಲ್ಲಿ ಉಳಿಸುವ ಸಂಭವ ಉಂಟು. ಅದೂ ಒಂದೆರಡು ವಾರದ ಹುರುಪಿನಿಂದಲ್ಲ, ದೀರ್ಘಕಾಲ ಬಿಡದೆ, ಅವಳ ಮನೆಯಲ್ಲಿ, ಅವಳ ಶಕ್ತಿಗೆ ತಕ್ಕಂತೆ ನಡೆಯಿಸಿದರೆ.

ಇದು ಹೀಗೇಕೆಂಬದನ್ನೂ ತಿಳಿಯಬಹುದು. 2007ರಲ್ಲಿ ಆರೋಗ್ಯವಂತ ವೃದ್ಧರನ್ನು ಕೇವಲ 10 ದಿನ ಹಾಸಿಗೆಯಲ್ಲಿಯೇ ಇರಿಸಿ ನೋಡಿದ ಒಂದು ಪರೀಕ್ಷೆಯಲ್ಲಿ ಅವರ ಕಾಲುಗಳ ಮಾಂಸವು ಸುಮಾರು ಒಂದು ಕಿಲೋಗ್ರಾಮಿನಷ್ಟು ಕರಗಿತ್ತು. ರೋಗವಿಲ್ಲದವರ ಗತಿಯೇ ಹೀಗಾದರೆ, ಮರೆವು ಬಂದಿತೆಂದು ತಿಂಗಳುಗಟ್ಟಲೆ ಮಂಚದ ಮೇಲೆ ಕುಳ್ಳಿರಿಸಿದವರ ಗತಿಯನ್ನು ಹೇಳಬೇಕೇ? ಆರು ತಿಂಗಳ ಮೇಲೆ ಅವರಿಗೆ ಏಳಲು ಬಾರದಾದಾಗ ಮನೆಯವರು ರೋಗ ಬೆಳೆಯಿತೆಂದು ನಿಟ್ಟುಸಿರು ಬಿಡುವರು. ಆದರೆ ರೋಗವು ಕಸಿದುಕೊಂಡದ್ದು ಬೇರೆ, ಕುಳ್ಳಿರಿಸಿದ್ದರಿಂದ ಹೋದದ್ದು ಬೇರೆ. ಮೊದಲನೆಯದು ಮನುಷ್ಯನ ಕೈಯಲ್ಲಿ ಇಲ್ಲ. ಎರಡನೆಯದು ಬಹುಮಟ್ಟಿಗೆ ಮನೆಯವರ ಕೈಯಲ್ಲಿಯೇ ಇದೆ. ಈ ಎರಡನ್ನೂ ಬೇರ್ಪಡಿಸಿ ನೋಡುವದೇ ಈ ವಿಷಯದಲ್ಲಿ ನಿಜವಾದ ವಿವೇಕ.

ಇನ್ನು ಮಾಡಿಸುವ ರೀತಿಯನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವೃದ್ಧರೆಲ್ಲರಿಗಾಗಿ ಹೇಳಿದ ಪ್ರಮಾಣವೆಂದರೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ತರದ ಶ್ರಮ, ಮತ್ತು ವಾರದಲ್ಲಿ ಮೂರು ದಿನವಾದರೂ ಬಲ ಹಾಗೂ ಸಮತೋಲದ ಅಭ್ಯಾಸ. ಅಷ್ಟು ಆಗದವರು ಆದಷ್ಟು ಮಾಡಿದರೂ ಮಾಡದಿರುವದಕ್ಕಿಂತ ಮೇಲು. ಇದಕ್ಕೆ ಯಂತ್ರಗಳು ಬೇಡ, ಹಣವೂ ಬೇಡ. ಗೋಡೆಗೆ ಆನಿಸಿಟ್ಟ ಗಟ್ಟಿಯಾದ ಒಂದು ಕುರ್ಚಿ ಸಾಕು. ಅದರಿಂದ ಐದು ಸಲ ಎದ್ದು ನಿಂತು ಮತ್ತೆ ಮೆಲ್ಲನೆ ಕುಳಿತುಕೊಳ್ಳುವದು ಒಂದು ಉತ್ತಮ ಸಾಧನೆ. ವಾರಗಳು ಕಳೆದಂತೆ ಐದನ್ನು ಹತ್ತಕ್ಕೆ ಏರಿಸಬಹುದು. ಶೌಚಕ್ಕೆ ಕುಳಿತು ಏಳುವದಕ್ಕೂ, ಹಾಸಿಗೆಯಿಂದ ಇಳಿಯುವದಕ್ಕೂ ಬೇಕಾದ ಬಲವು ಇದೇ. ಗೋಡೆಯನ್ನೋ ಕಂಬವನ್ನೋ ಹಿಡಿದು ಹಿಮ್ಮಡಿಗಳನ್ನು ಎತ್ತಿ ಇಳಿಸುವದು, ನಿಂತಲ್ಲಿಯೇ ಒಂದೊಂದು ಕಾಲನ್ನು ಎತ್ತಿಡುವದು, ನೀರು ತುಂಬಿದ ಸಣ್ಣ ತಂಬಿಗೆಯನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಮಾಡುವದು ಇವೂ ಆಗುವವು. ಇವುಗಳೊಂದಿಗೆ ಮುಂಜಾನೆ ಹತ್ತು ನಿಮಿಷ, ಸಂಜೆ ಬೆಳಕಿರುವಾಗ ಹತ್ತು ನಿಮಿಷ, ಜೊತೆಗೊಬ್ಬರು ನಡೆಯಬೇಕು. ಬರಬರುತ್ತ ಹೊತ್ತನ್ನು ಹೆಚ್ಚಿಸಬೇಕು. ನಡೆಯುವಾಗ ಮಾತಾಡಲು ಆಗುವಷ್ಟೇ ವೇಗವಿರಲಿ.

ಈ ಅಭ್ಯಾಸಗಳಿಗಿಂತಲೂ ಮುಖ್ಯವಾದದ್ದು ನಿತ್ಯದ ಕೆಲಸಗಳನ್ನು ಅವರ ಕೈಯಿಂದ ಕಿತ್ತುಕೊಳ್ಳದಿರುವದು. ಆಲ್ಝೈಮರ್ ರೋಗದಲ್ಲಿ ನಿನ್ನೆಯ ಸಂಗತಿ ಮೊದಲು ಅಳಿಯುವದು. ಕೈಗೆ ಹತ್ತಿದ ಹಳೆಯ ರೂಢಿಯು ಬಹುದಿನ ಉಳಿಯುವದು. ಬೆಳಗಿನ ತಿಂಡಿ ಯಾವದೆಂದು ಹೇಳಲಾರದ ತಾಯಿಯು ಕಾಳು ಹಸನು ಮಾಡಬಲ್ಲಳು, ಬತ್ತಿ ಹೊಸೆಯಬಲ್ಲಳು, ಹೂವು ಕಟ್ಟಬಲ್ಲಳು. ಹೊಲದ ಲೆಕ್ಕವನ್ನು ಮರೆತ ಮುದುಕನು ಗಿಡಗಳಿಗೆ ನೀರೆರೆಯಬಲ್ಲನು, ಅಂಗಳವನ್ನು ಗುಡಿಸಬಲ್ಲನು. ದಿನಾಲು ಮಿಂದು, ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುತ್ತ ಐವತ್ತು ವರ್ಷ ಕಳೆದವರಿಗೆ ಆ ಕ್ರಮವು ಮನಸ್ಸಿಗಿಂತ ಮೈಯಲ್ಲಿಯೇ ಹೆಚ್ಚಾಗಿ ನೆಲೆಸಿರುವದು. ನಡುವೆ ಒಂದು ಹೆಜ್ಜೆ ತಪ್ಪಿದರೆ ಮುಂದಿನದನ್ನು ತೋರಿಸಿಕೊಟ್ಟರಾಯಿತು. ತಡವಾಗುವದೆಂದು ಸೊಸೆಯೋ ಮಗನೋ ಎಲ್ಲವನ್ನೂ ತಾವೇ ಮಾಡಿಬಿಟ್ಟರೆ, ಆ ದಿನದ ಅರ್ಧ ತಾಸು ಉಳಿದೀತು. ಆದರೆ ಹಿರಿಯರ ಒಂದು ಸಾಮರ್ಥ್ಯವು ಬಳಕೆಯಿಲ್ಲದೆ ಸವೆದುಹೋದೀತು. ಪ್ರೀತಿಯಿಂದ ಮಾಡಿದರೂ ಈ ಹಾನಿಯು ಹಾನಿಯೇ.

ಮಾಡಿಸುವ ನುಡಿಯಲ್ಲಿಯೂ ಒಂದು ರೀತಿ ಇರಬೇಕು. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ‘ಮಾವನವರೇ, ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದು ನಾಷ್ಟಾ ಮಾಡಿರಿ’ ಎಂದರೆ ಅವರು ಎಲ್ಲವನ್ನೂ ಮರೆತು ಕುಳಿತಲ್ಲಿಯೇ ಕುಳಿತಿರುವರು. ‘ಮಾವನವರೇ, ಏಳಿರಿ’ ಎಂದು ಕೈನೀಡಿ, ಎದ್ದ ಮೇಲೆ ‘ಹೀಗೆ ಬರ್ರಿ’ ಎಂದು ಮುಂದೆ ನಡೆದರೆ ಬರುವರು. ಹೇಳುವದಕ್ಕಿಂತ ಎದುರಿಗೆ ನಿಂತು ಮಾಡಿ ತೋರಿಸುವದು ಮೇಲು. ದಿನಾಲು ಒಂದೇ ಹೊತ್ತು, ಒಂದೇ ಜಾಗ, ಸಾಧ್ಯವಾದರೆ ಒಬ್ಬರದೇ ಜೊತೆ ಇರಬೇಕು. ಬೇಡವೆಂದರೆ ವಾದಿಸತಕ್ಕದ್ದಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೆಯಬೇಕು. ‘ಈಗಷ್ಟೇ ಹೇಳಿದೆನಲ್ಲ’ ಎಂದು ಗದರಿಸುವದರಿಂದ ನೆನಪು ಬರುವದಿಲ್ಲ. ಭಯ ಮಾತ್ರ ಬರುವದು. ಆಡಿದ ಮಾತು ಮರೆತರೂ ಆದ ಅವಮಾನದ ನೋವು ಅವರಲ್ಲಿ ಉಳಿಯುವದುಂಟು.

ಕೆಲವು ಎಚ್ಚರಿಕೆಗಳೂ ಬೇಕು. ಆರಂಭಿಸುವ ಮೊದಲು ಹೃದಯ, ರಕ್ತದ ಒತ್ತಡ, ಮೊಣಕಾಲುಗಳ ಸ್ಥಿತಿಯನ್ನು ವೈದ್ಯರಿಗೆ ತೋರಿಸಬೇಕು. ಎದೆನೋವು, ತಲೆಸುತ್ತು, ವಿಪರೀತ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ರೋಗವು ಮುಂದುವರಿದವರು ನೋವನ್ನು ಬಾಯಿಬಿಟ್ಟು ಹೇಳಲಾರರು. ಆದುದರಿಂದ ಅವರ ಮುಖವನ್ನು ನೋಡುತ್ತಿರಬೇಕು. ಒದ್ದೆಯಾದ ಬಚ್ಚಲು, ಜಾರುವ ಚಪ್ಪಲಿ, ಕಾಲಿಗೆ ತೊಡರುವ ಚಾಪೆ, ಕತ್ತಲೆಯ ಮೆಟ್ಟಿಲು ಇವು ಬೀಳಿಸುವ ವೈರಿಗಳು. ಬಚ್ಚಲಿನಲ್ಲಿ ಹಿಡಿಯಲು ಗೋಡೆಗೊಂದು ಗಟ್ಟಿಯಾದ ಸರಳನ್ನು ಬಡಿಯಿಸುವದಕ್ಕೆ ಆಗುವ ವೆಚ್ಚವು, ಬಿದ್ದು ತೊಡೆಯ ಎಲುಬು ಮುರಿದರೆ ಆಗುವ ವೆಚ್ಚಕ್ಕಿಂತ ಬಹಳ ಕಡಿಮೆ. ಒಲೆಯ ಬಳಿಯ ಕೆಲಸವನ್ನು ಒಂಟಿಯಾಗಿ ಮಾಡಗೊಡಬಾರದು.

ಇಷ್ಟೆಲ್ಲ ಮಾಡತಕ್ಕವರು ಯಾರು? ಬಹುತೇಕ ಮನೆಗಳಲ್ಲಿ ಈ ಭಾರವೆಲ್ಲವೂ ಒಬ್ಬಳೇ ಹೆಂಗಸಿನ ಮೇಲೆ, ಹೆಂಡತಿಯ, ಸೊಸೆಯ ಅಥವಾ ಮಗಳ ಮೇಲೆ, ಬೀಳುವದು. ಹಗಲು ಸೇವೆ, ರಾತ್ರಿ ನಿದ್ದೆಗೇಡು, ಮೇಲೆ ಬಂಧುಗಳ ಟೀಕೆ. ಅಂಥವಳಿಗೆ ಅಂಗಸಾಧನೆಯನ್ನೂ ನೀನೇ ಮಾಡಿಸೆಂದು ಉಪದೇಶಿಸುವದು ಧರ್ಮವಲ್ಲ. ಮುಂಜಾನೆಯ ನಡಿಗೆಗೆ ಮಗನು, ಸಂಜೆಯ ನಡಿಗೆಗೆ ಮೊಮ್ಮಗನು, ಹಬ್ಬಹರಿದಿನಗಳಲ್ಲಿ ನೆಂಟರು, ಹೀಗೆ ಹಂಚಿಕೊಂಡರೆ ಮಾತ್ರ ಕೆಲಸವು ವರ್ಷಗಟ್ಟಲೆ ನಡೆದೀತು. ಹಿರಿಯರು ತಾವೇ ಏಳಬಲ್ಲ ಒಂದೊಂದು ತಿಂಗಳೂ ಸೇವೆ ಮಾಡುವವಳ ಸೊಂಟಕ್ಕೆ ಒಂದು ತಿಂಗಳ ವಿಶ್ರಾಂತಿಯೆಂಬದನ್ನು ಮರೆಯಬಾರದು. ನೆರೆಹೊರೆಯವರೂ ಈ ರೋಗವನ್ನು ಹುಚ್ಚೆಂದು ಆಡಿಕೊಳ್ಳದೆ, ದಾರಿ ತಪ್ಪಿದ ಹಿರಿಯರು ಕಂಡರೆ ನಯವಾಗಿ ಮಾತಾಡಿಸಿ ಮನೆ ಮುಟ್ಟಿಸಿದರೆ, ಆ ಮನೆಯವರು ಅವರನ್ನು ಬಾಗಿಲು ಹಾಕಿ ಕೂಡಿಡುವದು ತಪ್ಪುವದು.

ರೋಗವಿಲ್ಲದವರಿಗೂ ಇದರಲ್ಲಿ ಕಲಿಯತಕ್ಕದ್ದು ಉಂಟು. ಮಧ್ಯವಯಸ್ಸಿನಿಂದಲೇ ದೇಹವನ್ನು ದುಡಿಸುವವರಲ್ಲಿ ಈ ರೋಗವು ಕಡಿಮೆಯಾಗಿ ಕಂಡುಬಂದಿದೆ. ಅಮೇರಿಕೆಯಲ್ಲಿ 120 ಮಂದಿ ರೋಗವಿಲ್ಲದ ವೃದ್ಧರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ವಾರಕ್ಕೆ ಮೂರು ದಿನ ಬಿರುಸಾಗಿ ನಡೆದವರ ಮಿದುಳಿನಲ್ಲಿ ನೆನಪಿಗೆ ಸಂಬಂಧಪಟ್ಟ ಭಾಗವು ಒಂದು ವರ್ಷದಲ್ಲಿ ನೂರಕ್ಕೆ 2ರಷ್ಟು ಬೆಳೆದಿತ್ತು. ಕೇವಲ ಮೈ ಸಡಿಲಿಸುವ ಅಭ್ಯಾಸ ಮಾಡಿದವರಲ್ಲಿ ಅದು ಕುಗ್ಗಿತ್ತು. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಪಂಡಿತಮಂಡಲಿಯು 2024ರಲ್ಲಿ, ಶ್ರಮವಿಲ್ಲದ ಬದುಕು, ರಕ್ತದ ಒತ್ತಡ, ಮಧುಮೇಹ, ತಂಬಾಕು, ಕಿವುಡುತನ, ಒಂಟಿತನ ಮೊದಲಾದ 14 ಕಾರಣಗಳನ್ನು ಎಣಿಸಿ, ಅವುಗಳನ್ನೆಲ್ಲ ನಿವಾರಿಸಿದರೆ ನೂರಕ್ಕೆ ಸುಮಾರು 45ರಷ್ಟು ಮರೆವಿನ ರೋಗವನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಹೇಳಿತು. ಅಂದರೆ ರೋಗ ಬರುವ ಮೊದಲು ಅಂಗಸಾಧನೆಯ ಕೈ ನೀಳವಾಗಿರುವದು, ಬಂದ ಮೇಲೆ ಗಿಡ್ಡವಾಗುವದು; ಗಿಡ್ಡವಾದರೂ ಅದು ಬರಿಗೈಯಲ್ಲ.

ಮಹನೀಯರೇ, ಅರಳುಮರಳೆಂದು ಕೈಬಿಡುವದೂ ತಪ್ಪು; ವ್ಯಾಯಾಮದಿಂದ ಬುದ್ಧಿ ಮರಳುವದೆಂದು ನೊಂದ ಮನೆಯವರಲ್ಲಿ ಹುಸಿಯಾಸೆ ಹುಟ್ಟಿಸುವದೂ ತಪ್ಪು. ಇವೆರಡರ ನಡುವಿನ ಹಾದಿಯು ಸಣ್ಣದು, ಆದರೆ ಸತ್ಯವಾದದ್ದು. ಆಯುಷ್ಯವೆಲ್ಲ ದುಡಿದು ಮನೆಯನ್ನು ಸಾಕಿದ ಹಿರಿಯರು ತಮ್ಮ ಹೆಸರನ್ನೇ ಮರೆತ ಕಾಲದಲ್ಲಿಯೂ ತಮ್ಮ ಕೈಯಿಂದ ತುತ್ತೆತ್ತಿ ಉಣ್ಣುವಂತೆ, ತಮ್ಮ ಕಾಲಿನಿಂದ ಅಂಗಳಕ್ಕೆ ಬಂದು ಬಿಸಿಲು ಕಾಯುವಂತೆ ಇನ್ನೊಂದು ವರ್ಷ ಉಳಿದರೆ ಅದು ಅಲ್ಪ ಲಾಭವಲ್ಲ. ಅದಕ್ಕೆ ಬೇಕಾದದ್ದು ದಿನಕ್ಕೆ ಅರ್ಧ ತಾಸು, ಒಂದು ಗಟ್ಟಿ ಕುರ್ಚಿ, ಅವಸರವಿಲ್ಲದ ಒಬ್ಬ ಜೊತೆಗಾರ. ಇಷ್ಟನ್ನು ಒದಗಿಸುವದು ಬಡವನ ಮನೆಗೂ ಸಾಧ್ಯ. ಒದಗಿಸದಿರುವದಕ್ಕೆ ಶ್ರೀಮಂತನ ಮನೆಗೂ ನೆವವಿಲ್ಲ.